ಯುದ್ಧಭೂಮಿಯಿಂದ ವಾರ್ಡಿಗೆ: ಮಾಜಿ ಸೈನಿಕರ ನರ್ಸಿಂಗ್ ಹಾದಿ

(ಸಂಘದ ವಾರ್ಷಿಕ ಸಮ್ಮೇಳನದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ವಹಿಸಿಕೊಟ್ಟ ವಿಷಯ ನರ್ಸಿಂಗ್ ಶಿಕ್ಷಣ. ಕಾಲೇಜುಗಳ ಹೆಸರು, ಶುಲ್ಕದ ವಿವರ, ಕೊನೆಯ ದಿನಾಂಕ, ಇವನ್ನು ಓದಿ ಹೇಳಿದರೆ ಹತ್ತು ನಿಮಿಷದಲ್ಲಿ ನನ್ನ ಕೆಲಸ ಮುಗಿಯುತ್ತದೆ, ಮನೆ ತಲುಪುವುದರೊಳಗೆ ನೀವೂ ಮರೆತಿರುತ್ತೀರಿ. ಆದುದರಿಂದ ಸ್ವಲ್ಪ ಸುತ್ತು ದಾರಿ ಹಿಡಿಯುತ್ತೇನೆ. ದೂರದ ಅಮೆರಿಕದಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಬಂದ ವೈದ್ಯಕೀಯ ಸಹಾಯಕರು ದಾದಿಯರಾಗಲು ಪಡುವ ಪಾಡನ್ನು ಹೇಳುತ್ತೇನೆ. ಕೇಳುತ್ತಾ ಹೋದಂತೆ ಅದು ನಮ್ಮ ಮನೆಯ ಪ್ರಶ್ನೆಯೂ ಹೌದೆಂಬುದು ನಿಮಗೇ ತಿಳಿಯುತ್ತದೆ.

2012ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕೊನೆಯ ಬಹಿರಂಗ ಚರ್ಚೆ ನಡೆಯಿತು. ಅದರಲ್ಲಿ ಬರಾಕ್ ಒಬಾಮ ಅವರು ಮಿನೆಸೋಟ ರಾಜ್ಯದಲ್ಲಿ ತಾವು ಭೇಟಿಯಾದ ಒಬ್ಬ ಮಾಜಿ ಸೈನಿಕನ ಮಾತು ತೆಗೆದರು. ಆತ ಸೈನ್ಯದಲ್ಲಿ ಮೆಡಿಕ್, ಅಂದರೆ ವೈದ್ಯಕೀಯ ಸಹಾಯಕನಾಗಿದ್ದವನು. ಅತ್ಯಂತ ಕಠಿಣ ಸನ್ನಿವೇಶದಲ್ಲಿ ಗಾಯಾಳುಗಳನ್ನು ನೋಡಿಕೊಂಡವನು. ಊರಿಗೆ ಮರಳಿ ದಾದಿಯಾಗಲು ಹೊರಟಾಗ ಮೊದಲ ಅಕ್ಷರದಿಂದ ಪ್ರಾರಂಭಿಸು ಎಂದರಂತೆ. ಇಂತಹವನು ಆತನೊಬ್ಬನೇ ಅಲ್ಲ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಂದ ಮರಳಿದ ಸಾವಿರಾರು ಮಂದಿಯ ಕತೆ ಇದೇ ಆಗಿತ್ತು.

ಈ ಮೆಡಿಕ್ ಏನು ಕಲಿತಿರುತ್ತಾನೆ? ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಎಂಬಲ್ಲಿ ಅವನಿಗೆ ಸುಮಾರು ಹದಿನಾರು ವಾರಗಳ ತರಬೇತಿ ನಡೆಯುತ್ತದೆ. ಹರಿಯುವ ರಕ್ತವನ್ನು ಟೂರ್ನಿಕೆಟ್ ಬಿಗಿದು ನಿಲ್ಲಿಸುವುದು, ಉಸಿರಿನ ದಾರಿ ತೆರೆಯುವುದು, ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಸೂಜಿಯಿಂದ ಹೊರಬಿಡುವುದು, ನರಕ್ಕೆ ಡ್ರಿಪ್ ಹಾಕುವುದು, ಇವೆಲ್ಲ ಅದರಲ್ಲಿ ಸೇರಿವೆ. ಇವುಗಳಲ್ಲಿ ಕೆಲವನ್ನು ನಗರದ ಆಸ್ಪತ್ರೆಯಲ್ಲಿ ಪದವಿ ಪಡೆದ ದಾದಿಯೂ ತಾನಾಗಿ ಮಾಡುವಂತಿಲ್ಲ. ನೌಕಾಪಡೆಯಲ್ಲಿ ಇಂಥವರಿಗೆ ಕೋರ್‌ಮನ್ ಎನ್ನುತ್ತಾರೆ. ಸಮವಸ್ತ್ರ ಕಳಚಿದ ಮರುದಿನ ಅದೇ ಕೈಗಳಿಗೆ ಅಧಿಕಾರವಿರುವುದಿಲ್ಲ. ತರಬೇತಿಯ ವೇಳೆ ಪಡೆದ ತುರ್ತು ಚಿಕಿತ್ಸಾ ಸಹಾಯಕನ ಪ್ರಮಾಣಪತ್ರವೊಂದಿದೆ. ಅದರಿಂದ ಆಂಬುಲೆನ್ಸಿನಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕೀತು, ಅಷ್ಟೆ.

ಕಾರಣವೇನೆಂದರೆ, ಅಲ್ಲಿ ದಾದಿಯ ಪರವಾನಗಿ ಕೊಡುವುದು ಸೈನ್ಯವಲ್ಲ, ಕೇಂದ್ರ ಸರಕಾರವೂ ಅಲ್ಲ. ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಮಂಡಳಿ ಮಾನ್ಯ ಮಾಡಿದ ಕಾಲೇಜಿನಲ್ಲಿ ಓದಿರಬೇಕು, ಆಮೇಲೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಪಾಸಾಗಬೇಕು. ಓದು ಸಮುದಾಯ ಕಾಲೇಜಿನ ಎರಡು ವರ್ಷದ್ದಾಗಬಹುದು, ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಎಸ್ಸಿ. ಆಗಬಹುದು. ಸಾಮಾನ್ಯವಾಗಿ ಅನುಭವವೊಂದನ್ನೇ ಹಿಡಿದುಕೊಂಡು ಹೋದವನಿಗೆ ಪರೀಕ್ಷೆಗೆ ಕುಳಿತುಕೊಳ್ಳಲೂ ಅವಕಾಶವಿಲ್ಲ.

ಇದು ಅನ್ಯಾಯವೆಂದು ತಟ್ಟನೆ ಅನಿಸುತ್ತದೆ. ಆದರೆ ಮಂಡಳಿಯವರ ವಾದವನ್ನೂ ಕೇಳಬೇಕು. ಮೆಡಿಕ್ ನೋಡಿಕೊಂಡದ್ದು ಬಹುಪಾಲು ಇಪ್ಪತ್ತು ಮೂವತ್ತರ ಹರೆಯದ ಗಟ್ಟಿಮುಟ್ಟಾದ ಶರೀರಗಳನ್ನು, ಅದೂ ಗಾಯವಾದ ಮೊದಲ ಒಂದೆರಡು ಗಂಟೆಯಲ್ಲಿ. ಆಸ್ಪತ್ರೆಯ ವಾರ್ಡಿನಲ್ಲಿ ಇರುವವರು ಯಾರು? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಮೂರೂ ಒಟ್ಟಿಗಿರುವ ಎಪ್ಪತ್ತರ ಅಜ್ಜ. ದಿನಕ್ಕೆ ಹತ್ತು ಬಗೆಯ ಮಾತ್ರೆ ನುಂಗುವ ಅಜ್ಜಿ. ಬಾಣಂತಿ, ಅವಧಿಗೆ ಮುನ್ನ ಹುಟ್ಟಿದ ಕೂಸು. ಟೂರ್ನಿಕೆಟ್ ಇಲ್ಲಿ ಉಪಯೋಗಕ್ಕೆ ಬಾರದು. ಒಂದು ಮಾತ್ರೆ ಇನ್ನೊಂದರ ಜತೆ ಸೇರಿದರೆ ಏನಾಗುತ್ತದೆ, ಬೆನ್ನಿನಲ್ಲಿ ಹುಣ್ಣಾಗದಂತೆ ರೋಗಿಯನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು, ಇಂಥದ್ದು ತಿಳಿದಿರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ ಮಂಡಳಿ ಹೇಳಿದ್ದರಲ್ಲಿ ಅರ್ಧ ಸರಿ. ಗೊತ್ತಿಲ್ಲದ್ದನ್ನು ಕಲಿ ಎನ್ನುವುದು ಸರಿ. ಗೊತ್ತಿರುವುದನ್ನೂ ಮತ್ತೆ ಹಣ ಕಟ್ಟಿ ಕಲಿ ಎನ್ನುವುದು ಸರಿಯಲ್ಲ.

ಈ ಜಗಳ ಹೊಸದೇನೂ ಅಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಎಂಬ ಪ್ರಾಧ್ಯಾಪಕರಿದ್ದರು. ವೈದ್ಯರ ಕೊರತೆ ನೀಗಿಸಲು ಅನುಭವಿ ದಾದಿಯರಿಗೆ ಹೆಚ್ಚಿನ ತರಬೇತಿ ಕೊಡುವ ಯೋಜನೆಯನ್ನು ಅವರು 1950ರ ದಶಕದ ಕೊನೆಯಲ್ಲಿ ದಾದಿ ಥೆಲ್ಮಾ ಇಂಗಲ್ಸ್ ಅವರೊಂದಿಗೆ ಸೇರಿ ಹಾಕಿದರು. ರಾಷ್ಟ್ರೀಯ ನರ್ಸಿಂಗ್ ಲೀಗ್ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಸ್ಟೆಡ್ ಅವರು ಸುಮ್ಮನಾಗಲಿಲ್ಲ. 1965ರಲ್ಲಿ ನೌಕಾಪಡೆಯಿಂದ ಬಂದ ನಾಲ್ವರು ಮಾಜಿ ಕೋರ್‌ಮನ್‌ಗಳನ್ನು ಸೇರಿಸಿಕೊಂಡು ಎರಡು ವರ್ಷದ ಹೊಸ ಶಿಕ್ಷಣವನ್ನೇ ಆರಂಭಿಸಿದರು. 1967ರಲ್ಲಿ ಅವರಲ್ಲಿ ಮೂವರು ತೇರ್ಗಡೆಯಾದರು. ಹೀಗೆ ಫಿಸಿಷಿಯನ್ ಅಸಿಸ್ಟೆಂಟ್ ಎಂಬ ವೃತ್ತಿಯೇ ಹುಟ್ಟಿತು. ಇಂದು ಅಮೆರಿಕದಲ್ಲಿ ಆ ವೃತ್ತಿಯವರು ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುತ್ತಾರೆ. ನರ್ಸಿಂಗ್ ಕ್ಷೇತ್ರ ಬಾಗಿಲು ಮುಚ್ಚಿತು, ವೈದ್ಯರು ಪಕ್ಕದ ಗೋಡೆಯಲ್ಲಿ ಇನ್ನೊಂದು ಬಾಗಿಲು ಕೊರೆದರು. ವಿಚಿತ್ರವೆಂದರೆ ಆ ಬಾಗಿಲು ಈಗ ಇನ್ನೂ ಕಿರಿದಾಗಿದೆ. ಅದಕ್ಕೆ ಸೇರಲು ಮೊದಲೇ ಒಂದು ಪದವಿ ಇರಬೇಕು, ಮುಗಿಸಿದರೆ ಸ್ನಾತಕೋತ್ತರ ಪದವಿ. ಹೈಸ್ಕೂಲು ಮುಗಿಸಿ ನೇರ ಸೈನ್ಯಕ್ಕೆ ಸೇರಿದ ಹುಡುಗನಿಗೆ ಅದು ಎಟಕುವುದು ಬಹಳ ದೂರದ ಮಾತು.

ಇನ್ನು ಇತ್ತೀಚಿನ ಪ್ರಯತ್ನಗಳು. 2013ರಿಂದ ಅಮೆರಿಕದ ಆರೋಗ್ಯ ಇಲಾಖೆ ಮಾಜಿ ಸೈನಿಕರಿಗಾಗಿಯೇ ಬಿ.ಎಸ್ಸಿ. ನರ್ಸಿಂಗ್ ಮಾರ್ಗ ರೂಪಿಸುವ ಕಾಲೇಜುಗಳಿಗೆ ಅನುದಾನ ಕೊಟ್ಟಿತು. ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯ, ಆರ್ಲಿಂಗ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಮುಂತಾದವು ಅದನ್ನು ಬಳಸಿಕೊಂಡವು. ಕ್ಯಾಲಿಫೋರ್ನಿಯಾ ರಾಜ್ಯ 2015ರಲ್ಲಿ ಒಂದು ಕಾಯ್ದೆಯನ್ನೇ ಮಾಡಿ, ಸೈನ್ಯದಲ್ಲಿ ಕಲಿತದ್ದಕ್ಕೆ ಅಂಕ ಕೊಡುವ ವ್ಯವಸ್ಥೆ ಪ್ರತಿಯೊಂದು ನರ್ಸಿಂಗ್ ಕಾಲೇಜಿನಲ್ಲಿ ಇರಬೇಕೆಂದು ವಿಧಿಸಿತು. ಇಲ್ಲೊಂದು ಸೂಕ್ಷ್ಮವಿದೆ. ಸೈನ್ಯದ ತರಬೇತಿಗೆ ಇಷ್ಟು ಕ್ರೆಡಿಟ್ ಕೊಡಬಹುದೆಂದು ಅಮೆರಿಕದ ಶಿಕ್ಷಣ ಪರಿಷತ್ತು ಹಲವು ದಶಕಗಳಿಂದ ಶಿಫಾರಸು ಮಾಡುತ್ತಲೇ ಬಂದಿದೆ. ಆದರೆ ಕಾಲೇಜುಗಳು ಅನೇಕ ಸಲ ಅದನ್ನು ಐಚ್ಛಿಕ ವಿಷಯದ ಖಾತೆಗೆ ಹಾಕಿಬಿಡುತ್ತವೆ. ಕಾಗದದಲ್ಲಿ ಇಪ್ಪತ್ತು ಕ್ರೆಡಿಟ್ ಕಾಣುತ್ತದೆ; ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮಾತ್ರ ಬಾಕಿಯೇ ಉಳಿಯುತ್ತದೆ. ಅಂಕ ಸಿಕ್ಕಿತು, ಒಂದು ದಿನವೂ ಉಳಿಯಲಿಲ್ಲ!

ಸೈನ್ಯದೊಳಗೇ ಜಾಣತನದ ಒಂದು ದಾರಿ ಇದೆ. ಪ್ರಾಕ್ಟಿಕಲ್ ನರ್ಸಿಂಗ್ ವಿಭಾಗಕ್ಕೆ ಸೇರಿದವರು ಸುಮಾರು ಒಂದು ವರ್ಷ ಕಲಿತು, ಸೇವೆಯಲ್ಲಿರುವಾಗಲೇ ನಾಗರಿಕರು ಬರೆಯುವ ಪರವಾನಗಿ ಪರೀಕ್ಷೆಯನ್ನೇ ಬರೆಯುತ್ತಾರೆ. ಹೊರಗೆ ಬಂದ ದಿನ ಅವರ ಕೈಯಲ್ಲಿ ರಾಜ್ಯದ ಪರವಾನಗಿ ಇರುತ್ತದೆ. ಅಲ್ಲಿಂದ ಸೇತುವೆ ಕೋರ್ಸಿನ ಮೂಲಕ ಪೂರ್ಣ ದಾದಿಯಾಗಬಹುದು, ಕೆಲಸ ಮಾಡುತ್ತಲೇ ಪದವಿ ಮುಗಿಸಬಹುದು. ಇಬ್ಬರೂ ಒಂದೇ ಸೈನ್ಯದವರು. ಒಬ್ಬನ ಕಾಗದವನ್ನು ನಾಗರಿಕ ಮಂಡಳಿ ಓದಬಲ್ಲದು, ಇನ್ನೊಬ್ಬನದನ್ನು ಓದಲಾರದು.

ಹಣದ ಮಾತಿಗೆ ಬರೋಣ. 1944ರಲ್ಲಿ ಬಂದ ಜಿ.ಐ. ಮಸೂದೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದರ ಹೊಸ ರೂಪ 2008ರಲ್ಲಿ ಅಂಗೀಕಾರವಾಗಿ 2009ರ ಆಗಸ್ಟಿನಿಂದ ಜಾರಿಗೆ ಬಂತು. ಸಾಕಷ್ಟು ಕಾಲ ಸೇವೆ ಸಲ್ಲಿಸಿದವರಿಗೆ ಮೂವತ್ತಾರು ತಿಂಗಳ ಶಿಕ್ಷಣ ವೆಚ್ಚ, ಜತೆಗೆ ವಸತಿ ಭತ್ಯೆ. ವರ್ಷಕ್ಕೆ ಒಂಬತ್ತು ತಿಂಗಳ ತರಗತಿ ಎಂದು ಹಿಡಿದರೆ ಸರಿಯಾಗಿ ನಾಲ್ಕು ವರ್ಷ. ಗೊತ್ತಿದ್ದ ಪಾಠವನ್ನೇ ಮತ್ತೆ ಕಲಿಯುವುದರಲ್ಲಿ ಒಂದು ವರ್ಷ ಹೋದರೆ ಅದು ಆ ಮೂವತ್ತಾರರಿಂದಲೇ ಹೋಗುತ್ತದೆ. ಈ ಹಣದ ಮೇಲೆ ಕಣ್ಣಿಟ್ಟ ಕಾಲೇಜುಗಳೂ ಹುಟ್ಟಿಕೊಂಡವು. 2016ರ ಸೆಪ್ಟೆಂಬರಿನಲ್ಲಿ ಐಟಿಟಿ ಟೆಕ್ ಎಂಬ ದೊಡ್ಡ ಖಾಸಗಿ ಸಂಸ್ಥೆ ಒಮ್ಮೆಲೇ ಬಾಗಿಲು ಹಾಕಿದಾಗ ಸಾವಿರಾರು ಮಾಜಿ ಸೈನಿಕರು ನಡುನೀರಿನಲ್ಲಿ ನಿಂತರು. ಅಂಥವರು ಕಳೆದುಕೊಂಡ ತಿಂಗಳುಗಳನ್ನು ಮರಳಿಸಲು 2017ರಲ್ಲಿ ಮತ್ತೆ ಕಾಯ್ದೆ ತರಬೇಕಾಯಿತು.

ನಮ್ಮ ಸಂಘದ ಸಭೆಯಲ್ಲಿ ಇದನ್ನೆಲ್ಲ ಏಕೆ ಹೇಳಿದೆ? ನಮ್ಮ ಊರುಗಳ ಸಣ್ಣ ನರ್ಸಿಂಗ್ ಹೋಮುಗಳಿಗೆ ಹೋಗಿ ನೋಡಿ. ಇಂಜೆಕ್ಷನ್ ಕೊಡುವ, ಡ್ರಿಪ್ ಹಾಕುವ, ರಾತ್ರಿಪಾಳಿ ನಿಭಾಯಿಸುವ ಹುಡುಗಿಯರಲ್ಲಿ ಎಷ್ಟು ಮಂದಿ ನೋಂದಾಯಿತ ದಾದಿಯರು? ಆರು ತಿಂಗಳ, ಒಂದು ವರ್ಷದ ಯಾವುದೋ ಕೋರ್ಸು ಮುಗಿಸಿ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ಹಿಡಿದು ಬಂದ ನಮ್ಮ ಹೆಣ್ಣುಮಕ್ಕಳು ಅಲ್ಲಿ ಹತ್ತು ವರ್ಷ ದುಡಿಯುತ್ತಾರೆ. ಕೈ ಪಳಗಿರುತ್ತದೆ, ಡಾಕ್ಟರು ಮೆಚ್ಚುತ್ತಾರೆ. ಸರಕಾರಿ ಕೆಲಸಕ್ಕೋ ಗಲ್ಫಿಗೋ ಅರ್ಜಿ ಹಾಕಿದ ದಿನ ಕೌನ್ಸಿಲಿನ ನೋಂದಣಿ ಸಂಖ್ಯೆ ಕೇಳುತ್ತಾರೆ. ಅಮೆರಿಕದ ಮೆಡಿಕ್‌ಗೆ ಕನಿಷ್ಠ ಮೂವತ್ತಾರು ತಿಂಗಳ ಹಣವಾದರೂ ಇತ್ತು. ಇವರಿಗೆ ಅದೂ ಇಲ್ಲ.

ಅದಕ್ಕಾಗಿ ಪಾಲಕರಲ್ಲಿ ನನ್ನ ವಿನಂತಿ: ಕೋರ್ಸು ಎಷ್ಟು ತಿಂಗಳು, ಶುಲ್ಕ ಎಷ್ಟು ಎಂದು ಕೇಳುವ ಮೊದಲು, ಇದನ್ನು ಮುಗಿಸಿದರೆ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ದಾದಿಯಾಗಿ ನೋಂದಣಿ ಆಗುತ್ತದೆಯೇ ಎಂದು ಕೇಳಿರಿ. ಉತ್ತರವನ್ನು ಬರವಣಿಗೆಯಲ್ಲಿ ಕೇಳಿರಿ. ಮೂರು ವರ್ಷದ ಜಿ.ಎನ್.ಎಂ. ಮಾಡಿದವಳು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಮೆಡಿಕ್ ಬರೆಯಬೇಕಾದ ಅದೇ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ನಮ್ಮ ನೋಂದಾಯಿತ ದಾದಿಯರು ಬೆಂಗಳೂರಿನಲ್ಲೇ ಕುಳಿತು ಬರೆಯುತ್ತಿದ್ದಾರೆ. ಗಂಡುಮಕ್ಕಳಿಗೂ ಇದೇ ಮಾತು. ಇದು ಹೆಂಗಸರ ಕೆಲಸವೆಂಬ ಸಂಕೋಚ ಅಮೆರಿಕದ ಸೈನ್ಯದಲ್ಲೂ ಇತ್ತು, ಅಲ್ಲಿ ಗಂಡಸರನ್ನು ನರ್ಸಿಂಗ್ ಅಧಿಕಾರಿಗಳಾಗಿ ತೆಗೆದುಕೊಂಡದ್ದು 1955ರಲ್ಲಿ.

ಈಗಾಗಲೇ ಇಂತಹ ಸಣ್ಣ ಕೋರ್ಸು ಮಾಡಿ ದುಡಿಯುತ್ತಿರುವವರು ಈ ಸಭೆಯಲ್ಲೂ ಇರಬಹುದು. ಅವರು ತಮ್ಮ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಯೊಂದಿಗೆ, ಈಗಿರುವ ಸರ್ಟಿಫಿಕೇಟಿನ ಪ್ರತಿಯನ್ನೂ ಹಿಡಿದು ಊಟದ ನಂತರ ಶಿಕ್ಷಣ ಸಮಿತಿಯ ಮೇಜಿನ ಬಳಿ ಬರಲಿ. ಯಾವ ಕಾಲೇಜಿಗೆ, ಯಾವ ವರ್ಷ, ವಯಸ್ಸಿನ ಮಿತಿ ದಾಟಿದೆಯೇ ಎಂಬುದನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿಯೇ ನೋಡಬೇಕಾಗುತ್ತದೆ.