ಹಳೆಯ ಟ್ರ್ಯಾಕ್ಟರಿನ ಎಂಜಿನ್ನಿಗೆ ಮರುಜೀವ



1971ರಲ್ಲಿ ಆರಂಭವಾದ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಆದರೆ ರೈತರ ಬಳಿ ಉಳಿದ ಹಳೆಯ ಯಂತ್ರಗಳ ಆಯುಸ್ಸು ಅಲ್ಲಿಗೆ ಮುಗಿಯಲಿಲ್ಲ.

ಎಂಜಿನ್ ನೀಲಿ ಹೊಗೆ ಬಿಟ್ಟರೆ, ಸಾಮಾನ್ಯವಾಗಿ ಸವೆದ ರಿಂಗುಗಳನ್ನು ದಾಟಿದ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಆಗ ಬದಲಿಸಬೇಕಾದುದು ಲೈನರ್, ಪಿಸ್ಟನ್, ರಿಂಗ್, ಬೇರಿಂಗುಗಳನ್ನು ಮಾತ್ರ. ಭಾರವಾದ ಎರಕದ ಬ್ಲಾಕ್ ಹಾಗೆಯೇ ಉಳಿಯುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದುದನ್ನು ಕಂಡ ನಾಡಿಗೆ, ಉಳಿಸಿದ ಕಬ್ಬಿಣದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಎಂಜಿನ್ ಬಿಚ್ಚುವಾಗ ಇಳಿಸಿದ ಕರಿ ಆಯಿಲನ್ನೂ ಭಾಗಗಳನ್ನು ತೊಳೆದ ಡೀಸೆಲನ್ನೂ ಹಳ್ಳಕ್ಕೆ ಚೆಲ್ಲಿದರೆ ರಿಪೇರಿಯ ಪುಣ್ಯವೆಲ್ಲ ನೀರುಪಾಲು. ಅವನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟು, ಪರವಾನಗಿ ಪಡೆದ ಸಂಗ್ರಾಹಕರಿಗೆ ಒಪ್ಪಿಸತಕ್ಕದ್ದು. ಕೆಳಗಿನ ಊರು ಕುಡಿಯುವುದೂ ಅದೇ ಹಳ್ಳದ ನೀರನ್ನು.