ಗಡಸು ಮತ್ತು ತಾಳಿಕೆ



ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನಗಳ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವೊಂದಿದೆ. ಅಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಮನೆಗೆ ಬಂದು, ‘ಹಾರ್ಡ್‌ನೆಸ್’, ‘ಟಫ್‌ನೆಸ್’ ಎಂಬ ಎರಡು ಮಾತುಗಳಿಗೆ ಕನ್ನಡವೇನೆಂದು ಕೇಳಿದ. ಹೊಸದಾಗಿ ಸೇರಿದ ಹುಡುಗರಿಗೆ ಅವನು ಪಾಠ ಹೇಳಬೇಕಾಗಿತ್ತು. ನಾನು ಹಿಂದುಮುಂದು ನೋಡದೆ ಎರಡಕ್ಕೂ ‘ಗಟ್ಟಿತನ’ ಎಂದುಬಿಟ್ಟೆ. ಆತ ವಿನಯದಿಂದಲೇ ನಕ್ಕು, “ಹಾಗಾದರೆ ಗಾಜು ಗಟ್ಟಿಯೋ, ತೊಗಲು ಗಟ್ಟಿಯೋ, ಸರ್?” ಎಂದ. ಬಾಳೆಲ್ಲ ಕನ್ನಡ ಕಲಿಸಿದವನಿಗೆ ಉತ್ತರ ಹೊಳೆಯಲಿಲ್ಲ.

ಅವನ ಪ್ರಶ್ನೆ ಹುಟ್ಟಿದ್ದು ಜೆಟ್ ಎಂಜಿನ್ನಿನ ಮಾತಿನಿಂದ. ಅದರ ಟರ್ಬೈನಿನ ಅಲಗುಗಳನ್ನು ಮಾಡುವ ನಿಕ್ಕಲ್ ಮಿಶ್ರಲೋಹ ಸುಮಾರು 1,300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಅದರ ಮೇಲೆ ಹಾಯುವ ಅನಿಲದ ಶಾಖ ಅದಕ್ಕಿಂತಲೂ ಹೆಚ್ಚು. ಆದರೂ ಅಲಗು ಉಳಿಯುತ್ತದೆ. ಒಳಗಿನ ಸಣ್ಣ ಕಾಲುವೆಗಳಲ್ಲಿ ಹರಿಯುವ ಗಾಳಿ ಒಂದು ಕಾರಣ. ಹೊರಮೈಗೆ ಹಚ್ಚಿದ, ಅರ್ಧ ಮಿಲಿಮೀಟರನ್ನೂ ಮೀರದ ಪಿಂಗಾಣಿಯ ಲೇಪ ಇನ್ನೊಂದು ಕಾರಣ. ಜಿರ್ಕೋನಿಯಕ್ಕೆ ಶೇಕಡಾ 7–8ರಷ್ಟು ಇಟ್ರಿಯ ಬೆರೆಸಿದ ಈ ಲೇಪವು ಲೋಹಕ್ಕೆ ತಟ್ಟುವ ಶಾಖವನ್ನು ನೂರು ಡಿಗ್ರಿಗೂ ಮಿಕ್ಕಿ ತಗ್ಗಿಸಬಲ್ಲದು.

ಈ ಲೇಪ ಗಡಸೇನೋ ಹೌದು. ಆದರೆ ಗಡಸಾದದ್ದೆಲ್ಲ ಬಾಳುವುದಿಲ್ಲ. ಇದನ್ನು ನನಗೆ ತಿಳಿಸಿಕೊಟ್ಟದ್ದು ಗೋಕಾಕದ ಕರದಂಟು. ಬರಿಯ ಬೆಲ್ಲದ ಪಾಕವನ್ನು ತಟ್ಟೆಗೆ ಹೊಯ್ದು ಆರಿಸಿರಿ. ಒಂದು ಪೆಟ್ಟಿಗೆ ಚೂರಾಗುತ್ತದೆ. ಅದೇ ಬೆಲ್ಲ ಕರಿದ ಅಂಟು, ಕೊಬ್ಬರಿ, ಬಾದಾಮಿ, ಉತ್ತತ್ತಿಗಳೊಡನೆ ಕೂಡಿದಾಗ ಹಾಗೆ ಸಿಡಿಯುವುದಿಲ್ಲ. ಬಿರುಕು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಬಾದಾಮಿ ಅಡ್ಡ ಬರುತ್ತದೆ. ದಾರಿ ತಿರುಗಬೇಕು, ಬಲ ಕಳೆದುಕೊಳ್ಳಬೇಕು. ಅಂಗಡಿಯ ಹಿರಿಯರೊಬ್ಬರು ನನ್ನ ಗೊಂದಲವನ್ನು ಕೇಳಿ, “ಗಡಸಾದ್ರ ಸಾಲದ್ರೀ, ತಾಳಿಕಿ ಬೇಕು” ಎಂದರು. ನಿಘಂಟಿನಲ್ಲಿ ನಾನು ಹುಡುಕುತ್ತಿದ್ದ ಮಾತು ತಕ್ಕಡಿಯ ಪಕ್ಕದಲ್ಲಿ ಸಿಕ್ಕಿತು.

ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೈಯನ್ನು ಹುಟ್ಟಿಸಲು ಬೇಕಾದ ಶಕ್ತಿಯನ್ನು ಮೀರಿದರೆ ವಸ್ತು ಸೀಳುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಗ್ರಿಫಿತ್ ಎಂಬುವರು ಗಾಜನ್ನು ಪರೀಕ್ಷಿಸಿ 1921ರಲ್ಲಿ ಪ್ರಕಟಿಸಿದರು. ಬಿರುಕು ಮುನ್ನಡೆಯಲು ತೆರಬೇಕಾದ ಈ ಸುಂಕ ಹೆಚ್ಚಾದಷ್ಟೂ ತಾಳಿಕೆ ಹೆಚ್ಚು. ಲೇಪದ ಜಿರ್ಕೋನಿಯದಲ್ಲಿ ಹರಳುಗಳ ಒಳಗಿನ ಭಾಗಗಳು ಬಿರುಕಿನ ಮೊನೆಯ ಬಳಿ ದಿಕ್ಕು ಬದಲಿಸಿ ಅದರ ಶಕ್ತಿಯನ್ನು ಹೀರುತ್ತವೆ. ಶಾಖವನ್ನು ಇನ್ನೂ ಚೆನ್ನಾಗಿ ತಡೆಯುವ ಗ್ಯಾಡೊಲಿನಿಯಂ ಜಿರ್ಕೊನೇಟ್ ಎಂಬ ವಸ್ತು ಬಂದಿದೆ. ಆದರೆ ತಾಳಿಕೆ ಕಡಿಮೆ. ಆದ್ದರಿಂದ ಅದನ್ನು ಹಚ್ಚುವಾಗಲೂ ಅಡಿಯಲ್ಲಿ ಹಳೆಯ ಜಿರ್ಕೋನಿಯದ ಒಂದು ಪದರವನ್ನು ಉಳಿಸಿಕೊಳ್ಳುವುದು ರೂಢಿ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಲೇಪ ಬಹುಮಟ್ಟಿಗೆ ಕಳಚುವುದು ಉರಿಯಲ್ಲಿ ಅಲ್ಲ, ತಣಿಯುವಾಗ. ಕಾದ ಲೋಹ ಪಿಂಗಾಣಿಗಿಂತ ಹೆಚ್ಚು ಹಿಗ್ಗಿರುತ್ತದೆ. ತಣಿದಾಗ ಹೆಚ್ಚು ಕುಗ್ಗುತ್ತದೆ. ಇವೆರಡರ ನಡುವೆ ಅಲ್ಯುಮಿನಿಯಂ ಆಕ್ಸೈಡಿನ ತೆಳು ಪೊರೆಯೊಂದು ಮೆಲ್ಲಮೆಲ್ಲನೆ ದಪ್ಪವಾಗುತ್ತ ಹೋಗುತ್ತದೆ. ಅದು ಕೆಲವು ಮೈಕ್ರಾನುಗಳಷ್ಟಾಗುವಾಗ ಮೇಲಿನ ಹೊದಿಕೆ ಹಕ್ಕಳೆಯಂತೆ ಏಳಬಹುದು. ಆಮೇಲೆ ಬರಿಮೈ ಅಲಗು ಬೆಂಕಿಗೆ ಎದುರಾಗುತ್ತದೆ. ಆ ಗಳಿಗೆಗೆ ಮುನ್ನವೇ ಎಂಜಿನ್ನನ್ನು ಬಿಚ್ಚಿ ನೋಡಬೇಕು. ತಾಳಿಕೆಯ ಲೆಕ್ಕ ತಪ್ಪಿದರೆ ತೊಂದರೆಗೆ ಸಿಕ್ಕುವವರು ಪ್ರಯೋಗಶಾಲೆಯವರಲ್ಲ, ಆಕಾಶದಲ್ಲಿರುವವರು.

ಎಲ್ಲ ಬಿರುಕೂ ಕೇಡಲ್ಲವೆಂಬುದನ್ನು ಮೂಡಲಗಿ ಕಡೆಯ ಎರೆಹೊಲ ಬಲ್ಲದು. ಬೇಸಿಗೆಯಲ್ಲಿ ಬಾಯ್ದೆರೆದ ನೆಲ ಮಳೆಗಾಲದಲ್ಲಿ ಹಿಗ್ಗಲು ಎಡೆ ಇಟ್ಟುಕೊಂಡಿರುತ್ತದೆ. ಲೇಪವನ್ನೂ ಕೆಲವೊಮ್ಮೆ ಎಲೆಕ್ಟ್ರಾನ್ ಕಿರಣದಿಂದ ಆವಿಮಾಡಿ, ನೆಟ್ಟನೆಯ ಕಂಬಗಳ ಸಾಲಾಗಿ ಬೆಳೆಸುತ್ತಾರೆ. ಕಂಬಗಳ ನಡುವಿನ ಸಂದುಗಳಿಂದಾಗಿ ಅದು ಲೋಹದೊಡನೆ ಹಿಗ್ಗಿ ಕುಗ್ಗಬಲ್ಲದು. ಎಂಜಿನ್ ಸೇದಿಕೊಂಡ ನೆಲದ ಧೂಳು 1,200 ಡಿಗ್ರಿಗೂ ಮಿಗಿಲಾದ ಶಾಖದಲ್ಲಿ ಕರಗಿ ಆ ಸಂದುಗಳನ್ನು ತುಂಬಿತೆಂದರೆ ಬಿಡುವು ಹೋಯಿತು. ಬಿಡುವು ಹೋದರೆ ಬಾಳಿಕೆಯೂ ಹೋಯಿತು.

ವಿದ್ಯಾರ್ಥಿ ಮತ್ತೆ ಬಂದಾಗ, ಒಂದು ‘ಗಡಸು’, ಇನ್ನೊಂದು ‘ಬಿರುಕುತಾಳಿಕೆ’ ಎಂದೆ. ಅವನು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡ. “ನಮ್ಮ ಹುಡುಗರಿಗೆ ಇದು ತಿಳಿದೀತು” ಎಂದ. ಮಾತನ್ನು ಕೊಟ್ಟದ್ದು ನಾನಲ್ಲ, ಗೋಕಾಕದ ಅಂಗಡಿಯ ಹಿರಿಯರೆಂದು ಅವನಿಗೆ ಹೇಳಿ, ಒಂದು ಪೊಟ್ಟಣ ಕರದಂಟನ್ನು ಕೈಗಿಟ್ಟೆ.