ಓದಿದ್ದು ಉಳಿಯಬೇಕಾದರೆ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪುಸ್ತಕವನ್ನು ಗಮನವಿಟ್ಟು ಓದುವುದು ಹೇಗೆ, ಓದಿದ್ದರಿಂದ ಪ್ರಯೋಜನ ಪಡೆಯುವುದು ಹೇಗೆ ಎಂಬ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ಎರಡು ವರ್ಷದ ಹಿಂದೆ ನಾಲ್ಕು ಪುಟ ಓದಲಾಗದೆ ಒದ್ದಾಡುತ್ತಿದ್ದವಳು ನಾನು. ಹಾಗಾಗಿ ಇದು ಉಪದೇಶ ಅಲ್ಲ, ನನ್ನ ಅನುಭವ.

ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು. ಡೊಂಬಿವಲಿಯಿಂದ ಸಿಎಸ್‌ಟಿಗೆ ಹೋಗಲು ಒಂದೂಕಾಲು ಗಂಟೆ, ಬರಲು ಅಷ್ಟೇ. ಲೇಡೀಸ್ ಡಬ್ಬಿಯಲ್ಲಿ ಫೋರ್ತ್ ಸೀಟ್ ಸಿಕ್ಕಿದರೂ ಸಾಕು, ಪುಸ್ತಕ ಬಿಚ್ಚುತ್ತಿದ್ದೆ. ಓದಿದ ಪುಸ್ತಕಗಳ ಹೆಸರನ್ನು ಡೈರಿಯ ಕೊನೆಯಲ್ಲಿ ಬರೆದಿಡುತ್ತಿದ್ದೆ. ಕೆಲವು ವರ್ಷ ನಲವತ್ತು ದಾಟಿದ್ದೂ ಉಂಟು. ನಿವೃತ್ತಿಯಾದ ಮೇಲೆ ಬೇಕಾದಷ್ಟು ಓದಬಹುದು ಎಂದುಕೊಂಡಿದ್ದೆ. ಆಗಿದ್ದೇ ಬೇರೆ. ಪುಸ್ತಕ ಹಿಡಿದ ಐದು ನಿಮಿಷಕ್ಕೆ ಕೈ ಮೊಬೈಲಿಗೆ ಹೋಗುತ್ತಿತ್ತು. ಒಂದೇ ಪ್ಯಾರಾವನ್ನು ಮೂರು ಸಲ ಓದುತ್ತಿದ್ದೆ.

ಒಂದು ದಿನ ಮಗಳು ಆ ಹಳೆಯ ಡೈರಿ ತೆಗೆದು, "ಅಮ್ಮ, ಇದರಲ್ಲಿ ಯಾವುದಾದರೂ ಒಂದು ಕಥೆ ಹೇಳು" ಅಂದಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಪಟ್ಟಿ ನೋಡಿದೆ. ಹೆಸರುಗಳೆಲ್ಲ ಪರಿಚಿತವೇ. ಆದರೆ ಒಂದು ಕಥೆಯನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಲು ಆಗಲಿಲ್ಲ. "ಓದಿದ್ದೀನಿ ಕಣೆ, ಮರೆತುಹೋಗಿದೆ" ಅಂದೆ. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಓದಿದ್ದೆಲ್ಲ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮನಿಂದ. ಅಮ್ಮನಿಗೆ ಎಂಬತ್ತೆರಡು. ತಮ್ಮನ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿ ಪೇಪರಿನ ದಪ್ಪ ಅಕ್ಷರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಓದು ನಿಂತುಹೋದದ್ದೇ ಅವಳಿಗೆ ದೊಡ್ಡ ಕೊರಗು. ದಿನಾ ಸಂಜೆ ನಾನು ಫೋನ್ ಮಾಡುತ್ತಿದ್ದೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮಳೆ ಇದೆಯಾ, ಅಷ್ಟೇ. ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಒಂದು ಸಂಜೆ ಅಮ್ಮ, "ನಿನಗೆ ಪುರುಸೊತ್ತು ಇದ್ರೆ ಎಂತಾದ್ರೂ ಓದಿ ಹೇಳೆ ಮಾರಾಯ್ತಿ" ಅಂದಳು.

ಕೈಗೆ ಸಿಕ್ಕಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಕಾದಂಬರಿ. ನನ್ನ ಪ್ರತಿಯಲ್ಲಿ 700ಕ್ಕೂ ಹೆಚ್ಚು ಪುಟಗಳಿವೆ. ನಾನು ಅದನ್ನು ಎರಡು ಸಲ ಶುರುಮಾಡಿ ಎರಡು ಸಲವೂ ಕೈಬಿಟ್ಟಿದ್ದೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಇಷ್ಟೊಂದು ಮನೆ, ಇಷ್ಟೊಂದು ಜನ. ಯಾರು ಯಾರ ಮಗ ಎಂಬುದೇ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಅಮ್ಮನ ಸೀಮೆಯದೇ ಕಥೆ, ಇರಲಿ ಎಂದು ಶುರುಮಾಡಿದೆ. ದಿನಾ ಸಂಜೆ ಏಳೂವರೆಗೆ, ಇಪ್ಪತ್ತು ನಿಮಿಷ.

ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ಗಟ್ಟಿಯಾಗಿ ಓದುವಾಗ ಕಣ್ಣು ಸಾಲು ಹಾರಿಸುವ ಹಾಗಿಲ್ಲ. ಮನಸ್ಸು ಬೇರೆಲ್ಲೋ ಹೋದರೆ ದನಿಯಲ್ಲೇ ಸಿಕ್ಕಿಬೀಳುತ್ತೇವೆ. "ಈಗ ಓದಿದ್ದು ನಿನಗೇ ತಿಳೀಲಿಲ್ಲ, ಇನ್ನೊಂದು ಸಲ ಓದು" ಎನ್ನುತ್ತಿದ್ದಳು ಅಮ್ಮ.

ಎರಡನೆಯ ದಿನ ಇನ್ನೊಂದು ಪಾಠ. ಪುಸ್ತಕ ತೆರೆಯುವ ಮೊದಲೇ ಅಮ್ಮನ ಪ್ರಶ್ನೆ: "ನಿನ್ನೆ ಎಲ್ಲಿಗೆ ಬಿಟ್ಟಿದ್ವು? ಹೇಳು." ನಾನು ಪುಟ ತಿರುಗಿಸಲು ಹೋದರೆ, "ನೋಡ್ಬೇಡ, ಬಾಯಲ್ಲಿ ಹೇಳು." ನಾನು ಬ್ಬೆಬ್ಬೆ ಎಂದೆ. ಮರುದಿನದಿಂದ ಅಮ್ಮ ಕೇಳುತ್ತಾಳೆ ಎಂಬ ಭಯಕ್ಕೇ ಗಮನವಿಟ್ಟು ಓದತೊಡಗಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದೊಂದು ಮನೆಗೆ ಒಂದೊಂದು ಪುಟ ಮಾಡಿ, ಆ ಮನೆಯ ಜನರ ಹೆಸರು ಬರೆದೆ. ವಾರ ಕಳೆಯುವಷ್ಟರಲ್ಲಿ ಆ ಮಲೆನಾಡಿನ ಮನೆಗಳೆಲ್ಲ ನಮ್ಮ ಸೊಸೈಟಿಯ ಮನೆಗಳಷ್ಟೇ ಪರಿಚಿತವಾದವು.

ಈ ವಿಷಯ ಮಗಳಿಗೆ ಹೇಳಿದಾಗ ಅವಳು ಒಂದು ಅಧ್ಯಯನದ ಬಗ್ಗೆ ತಿಳಿಸಿದಳು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಓದಿದರು. ಉಳಿದವರು ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರೇ ಮುಂದು. ಅಮ್ಮನಿಗೆ ಇದನ್ನು ಹೇಳಿದೆ. "ಇದಕ್ಕೆ ಅಮೆರಿಕಾ ಬೇಕಾ?" ಅಂದಳು!

ಅವಳ ಮಾತೂ ಸರಿಯೇ. ನಮ್ಮಲ್ಲಿ ಓದು ಎಂದರೆ ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸ ಮಾತ್ರ ಆಗಿರಲಿಲ್ಲ. ಗಮಕದಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನು ರಾಗವಾಗಿ ವಾಚನ ಮಾಡಿದರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅಕ್ಷರ ಬಾರದವರೂ ಕೂತು ಕೇಳಿ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡರು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಗಮಕ ಕಲೆಗೇ. ಓದುವವರು, ಕೇಳುವವರು, ಅರ್ಥ ಹೇಳುವವರು ಎಲ್ಲ ಸೇರಿದರೇ ಓದು ಪೂರ್ತಿ.

ನಮ್ಮ ಓದಿನಲ್ಲಿ ಅರ್ಥ ಹೇಳುವ ಕೆಲಸ ಅಮ್ಮನದು. ‘ಕಂಬಳಿಕೊಪ್ಪೆ’ ಎಂಬ ಮಾತು ಬಂದರೆ, ಮಳೆಗಾಲದಲ್ಲಿ ಕಂಬಳಿಯನ್ನು ತಲೆ ಮೇಲಿಂದ ಬೆನ್ನಿಗೆ ಬರುವಂತೆ ಹೇಗೆ ಮಡಚುತ್ತಿದ್ದರು, ಅದು ನೆನೆದರೆ ಎಷ್ಟು ಭಾರ, ಎಂಥ ವಾಸನೆ ಎಂದೆಲ್ಲ ಹೇಳುತ್ತಿದ್ದಳು. ಹಾಗೆ ಹೇಳುತ್ತಾ ತನ್ನ ಅಪ್ಪನ ಕಥೆಗೆ ಹೋಗುತ್ತಿದ್ದಳು. ನಾನು ಅರವತ್ತು ವರ್ಷ ಕೇಳಿರದ ನಮ್ಮ ಮನೆಯ ಕಥೆಗಳು ಈ ಪುಸ್ತಕದ ನೆಪದಲ್ಲಿ ಹೊರಗೆ ಬಂದವು. ಎರಡು ನಿಮಿಷದ ಫೋನು ಮುಕ್ಕಾಲು ಗಂಟೆಯಾಯಿತು.

ಆ ಕಾದಂಬರಿಯಲ್ಲಿ ಗುತ್ತಿ ಎಂಬ ಆಳಿನ ನಾಯಿ ಇದೆ, ಹೆಸರು ಹುಲಿಯ. ಅಮ್ಮನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. "ಇವತ್ತು ಹುಲಿಯ ಬರ್ತಾನಾ?" ಎಂದು ಕೇಳಿಯೇ ಕೂರುತ್ತಿದ್ದಳು. ಐದು ತಿಂಗಳ ನಂತರ ಕೊನೆಗೆ ಬಂದೆವು. ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಭಾಗ. ನನ್ನ ದನಿ ಕಟ್ಟಿತು. ಆ ಕಡೆಯಿಂದಲೂ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ, "ನಾಳೆ ಬೇರೆ ಶುರುಮಾಡೋದು ಬೇಡ. ಎರಡು ದಿನ ಬಿಡು" ಅಂದಳು. ಒಂದು ಪುಸ್ತಕ ಮುಗಿದ ಕೂಡಲೇ ಇನ್ನೊಂದಕ್ಕೆ ಹಾರಿ ಡೈರಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಅದೂ ಒಂದು ಪಾಠ.

ಗೆಳತಿಯರೇ, ನಾನು ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಓದಿಗೆ ದಿನಾ ಒಂದೇ ಹೊತ್ತು ಇರಲಿ, ಇಪ್ಪತ್ತೇ ನಿಮಿಷವಾದರೂ ಸಾಕು. ಫೋನು ಕೈಗೆ ಎಟುಕದಷ್ಟು ದೂರವಿರಲಿ. ನಾನು ಸ್ಪೀಕರ್ ಹಾಕಿ, ಮಗುಚಿ, ಟಿಪಾಯಿಯ ಆ ತುದಿಗೆ ಇಡುತ್ತೇನೆ. ಪುಸ್ತಕ ತೆರೆಯುವ ಮೊದಲು ನಿನ್ನೆ ಓದಿದ್ದನ್ನು ಬಾಯಲ್ಲಿ ಹೇಳಿಕೊಳ್ಳಿ. ಜನ ಜಾಸ್ತಿ ಇರುವ ಪುಸ್ತಕವಾದರೆ ಹೆಸರು ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಓದನ್ನು ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ. ಹೇಳಬೇಕು ಎಂದು ಓದಿದ್ದು ಉಳಿಯುತ್ತದೆ.

ನಮ್ಮ ಸಂಘದಲ್ಲೇ ಕಣ್ಣು ಮಂಜಾದ ಹಿರಿಯರಿದ್ದಾರೆ. ಕನ್ನಡ ತಿಳಿದೂ ಓದಲು ಬಾರದ ಮಕ್ಕಳಿದ್ದಾರೆ. ಒಬ್ಬೊಬ್ಬರು ಒಬ್ಬೊಬ್ಬರಿಗೆ ಓದಿ ಹೇಳುವ ಜೋಡಿಗಳನ್ನು ಮಾಡಿಕೊಂಡರೆ ಹೇಗೆ? ಇದಕ್ಕೆ ಹಾಲ್ ಬಾಡಿಗೆ ಇಲ್ಲ, ಚಹಾ ಖರ್ಚೂ ಇಲ್ಲ. ಯೋಚಿಸಿ, ಹೆಸರು ಕೊಡಿ. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.

ಈಗ ನಾವು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದುತ್ತಿದ್ದೇವೆ. ಅವರೂ ತೀರ್ಥಹಳ್ಳಿಯಲ್ಲೇ ಹುಟ್ಟಿದವರು, ಅಮ್ಮನದೇ ಆಯ್ಕೆ. ಕಳೆದ ವಾರದಿಂದ ನನ್ನ ಮಗಳೂ ಪಕ್ಕದಲ್ಲಿ ಬಂದು ಕೂರುತ್ತಿದ್ದಾಳೆ. ಮೊನ್ನೆ ಅಮ್ಮ "ನಿನ್ನೆ ಎಲ್ಲಿಗೆ ಬಿಟ್ಟಿದ್ವು?" ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಹೇಳಿದಳು.

ಗಂಟೆ ಆರೂವರೆ ದಾಟಿತು. ಏಳೂವರೆಯೊಳಗೆ ನಾನು ಮನೆ ಸೇರಬೇಕು, ಅಮ್ಮ ಕಾಯುತ್ತಿರುತ್ತಾಳೆ.